ಮಹಾವೀರಾಚಾರ್ಯರ ಗಣಿತದಲ್ಲಿ ಅಳತೆಯ ವಿವೇಕ

ಗುರುಮಠಕಲ್ಲಿನಿಂದ ಉತ್ತರಕ್ಕೆ ಸೇಡಂ ದಾಟಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇದು. ಅಮೋಘವರ್ಷ ನೃಪತುಂಗನೆಂದೊಡನೆ ‘ಕವಿರಾಜಮಾರ್ಗ’ವನ್ನು ಸ್ಮರಿಸುವ ನಾವು, ಅವನ ಕಾಲದಲ್ಲಿಯೇ ಕ್ರಿ.ಶ. 850ರ ಸುಮಾರಿಗೆ ರಚಿತವಾದ ‘ಗಣಿತಸಾರಸಂಗ್ರಹ’ವನ್ನು ಮರೆಯುತ್ತೇವೆ. ಜೈನಾಚಾರ್ಯರಾದ ಮಹಾವೀರರು ಈ ಸಂಸ್ಕೃತ ಗ್ರಂಥದ ಆದಿಯಲ್ಲಿ ಆ ದೊರೆಯನ್ನು ಸ್ತುತಿಸಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು, 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಭಿನ್ನರಾಶಿಗಳಿಗೆ ಆಚಾರ್ಯರು ‘ಕಲಾಸವರ್ಣ’ವೆಂಬ ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ಒಂದನ್ನು, ಅಂಶವು ಒಂದೇ ಆಗಿರುವ ಭಿನ್ನಗಳಾಗಿ ಒಡೆಯುವ ಸೂತ್ರ ಅಲ್ಲಿದೆ. ನಾಲ್ಕು ಪಾಲು ಬೇಕಾದರೆ 1/2, 1/3, 1/9, 1/18. ಕೂಡಿಸಿದರೆ ಸರಿಯಾಗಿ ಒಂದು, ಕೂದಲೆಳೆಯಷ್ಟೂ ಶೇಷವಿಲ್ಲ. ಶಹಾಬಾದಿ ಫರಸಿ ಹಾಸುವ ನಮ್ಮ ಸೀಮೆಯಲ್ಲಿ 1000 ಮಿಲಿಮೀಟರಿನ ಅಗಲವನ್ನು ಮೂರು ಪಾಲು ಮಾಡುವಾಗ 333 ಎಂದು ಬರೆದರೆ ಕೂಡಿದ ಮೊತ್ತ 999. ಇಂದಿನ ನಕ್ಷೆಯ ತಂತ್ರಾಂಶಗಳಲ್ಲಿ ಅಳತೆಯ ಜಾಗದಲ್ಲಿ 1000/3 ಎಂದು ಭಿನ್ನವನ್ನೇ, ಅಥವಾ ‘ಅಗಲ/3’ ಎಂಬ ಸೂತ್ರವನ್ನೇ ನಮೂದಿಸಬಹುದು. ಅಗಲ 1200 ಆದರೆ ಪಾಲುಗಳು ತಾವಾಗಿ 400 ಆಗುತ್ತವೆ. ಸಂಖ್ಯೆಯು ಹೇಗೆ ಬಂತೆಂಬುದು ಅಲ್ಲಿಯೇ ಉಳಿಯುವುದರಿಂದ ಪರರು ಪರೀಕ್ಷಿಸಲೂ ಬರುತ್ತದೆ. ಇದೇ ಅದರ ದೊಡ್ಡ ಗುಣ.

ಕ್ಷೇತ್ರಗಣಿತದಲ್ಲಿ ಆಚಾರ್ಯರು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದಾರೆ. ಒಂದೇ ಆಕೃತಿಗೆ ‘ವ್ಯಾವಹಾರಿಕ’ ಫಲವನ್ನೂ ‘ಸೂಕ್ಷ್ಮ’ ಫಲವನ್ನೂ ಬೇರೆ ಬೇರೆಯಾಗಿ, ಹೆಸರಿಟ್ಟು ಹೇಳುತ್ತಾರೆ. ಒಂದು ಹೊಲದ ಎರಡು ಸಮಾಂತರ ಬದಿಗಳು 14 ಮತ್ತು 4 ಮಾರು, ಉಳಿದೆರಡು 13 ಮಾರು ಇರಲಿ. ಎದುರುಬದುರಿನ ಬದಿಗಳ ಅರ್ಧಮೊತ್ತಗಳನ್ನು ಗುಣಿಸುವ ವ್ಯಾವಹಾರಿಕ ಕ್ರಮದಲ್ಲಿ 9 × 13, ಅಂದರೆ 117 ಚದರ ಮಾರು. ಸೂಕ್ಷ್ಮ ಕ್ರಮದಲ್ಲಿ ಬದಿಗಳ ಮೊತ್ತದ ಅರ್ಧ 22. ಅದರಿಂದ ಒಂದೊಂದೇ ಬದಿಯನ್ನು ಕಳೆದರೆ 8, 18, 9, 9. ಅವುಗಳ ಗುಣಲಬ್ಧದ ವರ್ಗಮೂಲ 108. ವ್ಯತ್ಯಾಸ ಒಂಬತ್ತು, ಅಂದರೆ ನಿಜವಾದ ನೆಲದ ಹನ್ನೆರಡನೆಯ ಒಂದು ಪಾಲು! ಬೀಜದ ಅಂದಾಜಿಗೆ 117 ಸಾಕು. ಅದೇ ಸಂಖ್ಯೆಯಿಂದ ಹೊಲ ಮಾರಿದರೆ, ಕೊಂಡವನು ಇಲ್ಲದ ನೆಲಕ್ಕೆ ಹಣ ತೆತ್ತಂತಾಯಿತು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ‘ಹೀನಾಧಿಕಮಾನೋನ್ಮಾನ’ವನ್ನು ಎಣಿಸಿದೆ. ಅದನ್ನು ತಕ್ಕಡಿಗೂ ಬಳ್ಳಕ್ಕೂ ಮಾತ್ರ ಅನ್ವಯಿಸುವುದು ವಾಡಿಕೆ. ಸ್ಥೂಲವನ್ನು ಸೂಕ್ಷ್ಮವೆಂದು ಹೇಳಿ ಹಣ ಪಡೆಯುವುದೂ ಆ ಸಾಲಿಗೇ ಸೇರತಕ್ಕದ್ದು. ಸ್ಥೂಲ ಗಣನೆಯು ದೋಷವಲ್ಲ; ಅದರ ಹೆಸರನ್ನು ಮರೆಮಾಚುವುದು ದೋಷ.

ಆಚಾರ್ಯರ ಸೂಕ್ಷ್ಮಕ್ಕೂ ಮಿತಿಯುಂಟು. ವೃತ್ತದ ಪರಿಧಿಗೆ ವ್ಯಾವಹಾರಿಕವಾಗಿ ವ್ಯಾಸದ ಮೂರರಷ್ಟನ್ನೂ, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟನ್ನೂ ಅವರು ಹೇಳಿದರು. ಎರಡನೆಯದು ಜೈನಾಗಮಗಳ ಪರಂಪರೆಯಿಂದ ಬಂದದ್ದು. ಹತ್ತು ಮಾರು ವ್ಯಾಸದ ಕಣಕ್ಕೆ ಮೊದಲನೆಯದರಿಂದ 30, ಎರಡನೆಯದರಿಂದ 31.62, ಇಂದಿನ ಲೆಕ್ಕದಿಂದ 31.42. ಆದರೂ ಯಾವ ಸೂತ್ರ ಎಲ್ಲಿ ಸಲ್ಲದೆಂಬುದನ್ನು ಹೇಳುವ ಎಚ್ಚರ ಅವರಲ್ಲಿತ್ತು. ಮೇಲಿನ ಹೊಲದಲ್ಲಿ ಸಮಾಂತರ ಬದಿಗಳ ಅರ್ಧಮೊತ್ತ 9ನ್ನು ಲಂಬ 12ರಿಂದ ಗುಣಿಸಿದರೂ 108 ಬರುತ್ತದೆ. ಆದರೆ ಈ ಲಂಬದ ಕ್ರಮವು ವಿಷಮಚತುರಸ್ರಕ್ಕೆ ಸಲ್ಲದೆಂದು ಅವರು ಸೂಚಿಸಿದ್ದಾರೆ. ನಾಲ್ಕೂ ಬದಿಗಳು ಬೇರೆ ಬೇರೆಯಾದ ಅಂಥ ಹೊಲಕ್ಕೆ ಬದಿಗಳ ನಾಲ್ಕು ಅಳತೆ ಸಾಲವು. ಕರ್ಣವನ್ನು ಅಳೆದು ಎರಡು ತ್ರಿಕೋನ ಮಾಡಬೇಕು. ಇಂದಿನ ಕಂಪ್ಯೂಟರು ಸಹ ಅಂಥ ಐದನೆಯ ಅಳತೆಯೊಂದು ದೊರೆಯದೆ ಆ ಹೊಲದ ಕ್ಷೇತ್ರಫಲವನ್ನು ಹೇಳಲಾರದು.