ಸರ್ಕಾರಿ ಶಾಲೆ: ಮಕ್ಕಳೆಷ್ಟು, ಮೇಷ್ಟ್ರೆಷ್ಟು, ರಿಸಲ್ಟ್ ಎಷ್ಟು? ಲೆಕ್ಕ ನೋಡೋದು ಹೀಗೆ

ಮೇ-ಜೂನ್ ಬಂತೆಂದರೆ ಊರಲ್ಲಿ ಎರಡು ಮಾತು ಜೋರು: ಎಸ್‌ಎಸ್‌ಎಲ್‌ಸಿ ರಿಸಲ್ಟ್ ಎಷ್ಟು ಬಂತು, ಸರ್ಕಾರಿ ಶಾಲೆಗೆ ಎಷ್ಟು ಮಕ್ಕಳು ಸೇರಿದರು. ಈ ಎರಡು ಲೆಕ್ಕಗಳ ಹಿಂದೆ ಏನಿದೆ ಎಂಬ ಮಾಹಿತಿ ಇಲ್ಲಿದೆ.

ಒಂದು ಮಗು ಹೋದರೆ ಒಂದು ಹುದ್ದೆ
2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ 1ರಿಂದ 5ನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಅಂದರೆ 61 ಮಕ್ಕಳಿರುವ ಶಾಲೆಯಿಂದ ಒಂದೇ ಮಗು ಟಿಸಿ ತಗೊಂಡರೂ ಲೆಕ್ಕದಲ್ಲಿ ಒಬ್ಬ ಮೇಷ್ಟ್ರು ಕಮ್ಮಿ. ‘ಹೆಚ್ಚುವರಿ’ ಎಂದು ಗುರುತಿಸಿದ ಶಿಕ್ಷಕರನ್ನು ಇಲಾಖೆ ಬೇರೆ ಶಾಲೆಗೆ ಕಳಿಸುತ್ತದೆ. ಉಳಿದ ಇಬ್ಬರೇ ಐದು ತರಗತಿ ನೋಡಬೇಕು. ಒಬ್ಬರು ಮೀಟಿಂಗ್‌ಗೋ ತರಬೇತಿಗೋ ಹೋದರೆ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ. ಇದನ್ನು ಕಂಡು ಮತ್ತಷ್ಟು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ.

ಮಕ್ಕಳು ಕೈತಪ್ಪೋದು ಎಲ್ಲಿ?
ಹೆಚ್ಚಿನ ಸರ್ಕಾರಿ ಶಾಲೆಗಳು ಶುರುವಾಗೋದು 1ನೇ ತರಗತಿಯಿಂದ. ಖಾಸಗಿ ಶಾಲೆಯಲ್ಲಿ ಎಲ್‌ಕೆಜಿಗೇ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಸೇರಿದ ಮಗು ವಾಪಸ್ ಬರೋದು ಕಷ್ಟ. ಇದಕ್ಕಾಗಿಯೇ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ (ಕೆಪಿಎಸ್) ಎಲ್‌ಕೆಜಿ, ಯುಕೆಜಿ ಮತ್ತು ಇಂಗ್ಲಿಷ್ ಮಾಧ್ಯಮ ಕೊಡಲಾಗಿದೆ.

ಪರ್ಸೆಂಟೇಜ್ ಒಂದನ್ನೇ ನಂಬಬೇಡಿ
ಪರೀಕ್ಷೆ ಬರೆದವರು 8 ಮಂದಿ ಇದ್ದು, ಒಬ್ಬರು ಫೇಲ್ ಆದರೂ ಫಲಿತಾಂಶ ಶೇ 87.5ಕ್ಕೆ ಇಳಿಯುತ್ತದೆ. 80 ಮಂದಿ ಬರೆದ ಶಾಲೆಯಲ್ಲಿ ಒಬ್ಬರು ಫೇಲಾದರೆ ಶೇ 98.75. ಹಾಗಾಗಿ ಎಷ್ಟು ಮಂದಿ ಬರೆದರು, 8ನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ 10ರವರೆಗೆ ಉಳಿದರು ಎಂದೂ ಕೇಳಬೇಕು.

ಪರೀಕ್ಷೆ ನಡೆಸುವ ರೀತಿ ಬದಲಾದರೂ ಫಲಿತಾಂಶ ಬದಲಾಗುತ್ತದೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದರೂ ಶೇ 73.40ಕ್ಕೆ ಇಳಿಯಿತು. ಒಂದು ವರ್ಷದ ರಿಸಲ್ಟ್ ಹಿಡಿದು ‘ಮೇಷ್ಟ್ರು ಪಾಠ ಮಾಡಿಲ್ಲ’ ಎನ್ನುವಂತಿಲ್ಲ. ಮೂರ್ನಾಲ್ಕು ವರ್ಷದ್ದು ಸಾಲಾಗಿ ನೋಡಿದರೆ ಚಿತ್ರ ಸಿಗುತ್ತದೆ.

ಕೇಳೋದು ಯಾರನ್ನ?
ಮೊದಲು ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ. ಆರ್‌ಟಿಇ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಎಲ್ಲಿ ಖರ್ಚಾಯಿತು ಎಂದು ನೋಡೋದು ಸಮಿತಿಯ ಕೆಲಸ. ಅಲ್ಲಿ ಉತ್ತರ ಸಿಗದಿದ್ದರೆ ಕ್ಲಸ್ಟರ್‌ನ ಸಿಆರ್‌ಪಿ, ಆಮೇಲೆ ತಾಲ್ಲೂಕಿನ ಬಿಇಒ ಕಚೇರಿ.

ಕೇಳಬೇಕಾದ ಪ್ರಶ್ನೆ ನಾಲ್ಕು: ಈ ವರ್ಷ 1ನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು? ಟಿಸಿ ತಗೊಂಡವರೆಷ್ಟು? ಮಂಜೂರಾದ ಹುದ್ದೆಗಳಲ್ಲಿ ಖಾಲಿ ಎಷ್ಟು? ಎಸ್‌ಡಿಎಂಸಿ ಸಭೆ ಕೊನೆಗೆ ನಡೆದದ್ದು ಯಾವಾಗ? ಮಕ್ಕಳ ಸಂಖ್ಯೆ 61, 91ರ ಆಸುಪಾಸಿನಲ್ಲಿದ್ದರೆ ದಾಖಲಾತಿ ಮುಗಿಯುವ ಮೊದಲೇ ಊರಿನವರು ಎಚ್ಚರವಾಗೋದು ಒಳ್ಳೆಯದು. ಹುದ್ದೆ ಹೋದ ಮೇಲೆ ವಾಪಸ್ ತರೋದು ಸುಲಭವಲ್ಲ.