ಟೆಟ್ರಿಸ್ ಆಡುವ ಮಿದುಳು: ಶ್ರಮದ ಅಳತೆಯಲ್ಲಿನ ಒಂದು ತೊಡಕು

ವಿಡಿಯೊ ಗೇಮ್ ಆಡುವವರ ಮಾನಸಿಕ ಶ್ರಮವನ್ನು ಅಳೆಯುವ ಚರ್ಚೆ 1992ರ ಒಂದು ಪ್ರಯೋಗವನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ರಿಚರ್ಡ್ ಹೈಯರ್ ಮತ್ತು ಸಂಗಡಿಗರು ಎಂಟು ಮಂದಿ ಯುವಕರಿಂದ ಟೆಟ್ರಿಸ್ ಆಡಿಸಿ, ಅವರ ಮಿದುಳು ಎಷ್ಟು ಗ್ಲೂಕೋಸ್ ಬಳಸುತ್ತದೆಂದು ಪೆಟ್ ಸ್ಕ್ಯಾನ್ ಮೂಲಕ ನೋಡಿದರು. ನಾಲ್ಕರಿಂದ ಎಂಟು ವಾರಗಳ ಅಭ್ಯಾಸದ ನಂತರ ಮತ್ತೆ ಸ್ಕ್ಯಾನ್ ನಡೆಯಿತು. ಆಟಗಾರರ ಸಾಧನೆ ಏಳು ಪಟ್ಟಿಗೂ ಮೀರಿ ಏರಿತ್ತು, ಮಿದುಳಿನ ಹೊರಪದರದ ಗ್ಲೂಕೋಸ್ ಬಳಕೆ ಮಾತ್ರ ಇಳಿದಿತ್ತು. ಹೆಚ್ಚು ಕೆಲಸ, ಕಡಿಮೆ ಖರ್ಚು. ಇದನ್ನು ಹೈಯರ್ ಮಿದುಳಿನ ದಕ್ಷತೆಯೆಂದು ಅರ್ಥೈಸಿದರು.

ಆ ಪ್ರಯೋಗದ ಮಟ್ಟಿಗೆ ಈ ಅರ್ಥ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಖರ್ಚಿನ ಪಕ್ಕದಲ್ಲೇ ಸಾಧನೆಯ ಲೆಕ್ಕವೂ ಇತ್ತು. ತೊಡಕು ಹುಟ್ಟುವುದು ಖರ್ಚನ್ನಷ್ಟೇ ನೋಡಿದಾಗ. ಆಟ ಕೈವಶವಾದವನ ಶ್ರಮ ಇಳಿಯುತ್ತದೆ. ಇನ್ನು ನನ್ನಿಂದಾಗದೆಂದು ಒಳಗೊಳಗೇ ಕೈಚೆಲ್ಲಿದವನ ಶ್ರಮವೂ ಇಳಿಯುತ್ತದೆ.

ಕಣ್ಣಿನ ಪಾಪೆಯ ಅಧ್ಯಯನಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1966ರಲ್ಲಿ ಡೇನಿಯಲ್ ಕಾನಮನ್ ಮತ್ತು ಜಾಕ್ಸನ್ ಬೀಟಿ ಅಂಕಿಗಳ ಸರಣಿಯೊಂದನ್ನು ಕೇಳಿಸಿ, ನೆನಪಿಟ್ಟು ಮರಳಿ ಹೇಳಿಸಿದರು. ಕೇಳಿದ ಒಂದೊಂದು ಅಂಕಿಗೂ ಪಾಪೆ ಹಿಗ್ಗುತ್ತ ಹೋಯಿತು, ಒಪ್ಪಿಸಿದ ಒಂದೊಂದು ಅಂಕಿಗೂ ಕುಗ್ಗುತ್ತ ಬಂತು. ಆದರೆ ಸರಣಿ ನೆನಪಿನ ಮಿತಿಯನ್ನು ದಾಟಿದರೆ ಹಿಗ್ಗುವಿಕೆ ನಿಲ್ಲುತ್ತದೆ, ಕೆಲವೊಮ್ಮೆ ಹಿಂದೆ ಸರಿಯುತ್ತದೆ ಎಂಬುದನ್ನು ನಂತರದ ಸಂಶೋಧಕರು ತೋರಿಸಿದರು. ಹಾಗಾಗಿ ಕಿರಿದಾದ ಪಾಪೆಯನ್ನಷ್ಟೇ ಕಂಡು ಇವನು ನುರಿತವನೋ ಸೋತವನೋ ಎಂದು ಹೇಳಲಾಗದು. ಬೆಳಕಿನ ಕಾಟ ಬೇರೆ: ಶ್ರಮದಿಂದ ಪಾಪೆ ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್, ಬೆಳಕಿಗೆ ಅದು ಎರಡರಿಂದ ಎಂಟು ಮಿಲಿಮೀಟರ್‌ವರೆಗೆ ಬದಲಾಗಬಲ್ಲದು. ಪರದೆಯ ಮೇಲೆ ಸ್ಫೋಟವೊಂದು ಮಿಂಚಿದರೆ ಸಾಕು, ಶ್ರಮದ ಸುಳಿವು ಅಳಿಸಿಹೋಗುತ್ತದೆ.

ಬೆರಳುಗಳ ಚಲನೆಯನ್ನು ಎಣಿಸುವುದೂ ಸುರಕ್ಷಿತ ದಾರಿಯಲ್ಲ. ಟೆಟ್ರಿಸ್ ಆಡುವವರನ್ನು ಗಮನಿಸಿ: ಮೇಲಿನಿಂದ ಬಿಲ್ಲೆ ಇನ್ನೂ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಅದನ್ನು ತಿರುಗಿಸುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸಿ ಮತ್ತೆ ಹಿಂದಕ್ಕೆ ತರುತ್ತಾರೆ. ಮೇಲ್ನೋಟಕ್ಕೆ ಇದು ವ್ಯರ್ಥ ಚಲನೆ. 1994ರಲ್ಲಿ ಡೇವಿಡ್ ಕರ್ಶ್ ಮತ್ತು ಪಾಲ್ ಮ್ಯಾಗ್ಲಿಯೊ ಇದಕ್ಕೆ ಬೇರೆಯೇ ವಿವರಣೆ ಕೊಟ್ಟರು. ಬಿಲ್ಲೆಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವುದಕ್ಕಿಂತ ಪರದೆಯಲ್ಲೇ ತಿರುಗಿಸಿ ನೋಡುವುದು ಬೇಗ ಆಗುವ ಕೆಲಸ. ಆಟಗಾರ ತಲೆಯ ಭಾರವನ್ನು ಬೆರಳಿಗೆ ದಾಟಿಸುತ್ತಾನೆ. ಗುಂಡಿ ಹೆಚ್ಚು ಒತ್ತಿದವನು ಹೆಚ್ಚು ಶ್ರಮಪಟ್ಟನೆಂಬ ಊಹೆ ಇಲ್ಲಿ ತಲೆಕೆಳಗಾಗುತ್ತದೆ.

ಆಟಗಾರನನ್ನೇ ಕೇಳುವ ವಿಧಾನವೂ ಇದೆ. ಸಾಂಡ್ರಾ ಹಾರ್ಟ್ ಮತ್ತು ಲೊವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ನಾಸಾ-ಟಿಎಲ್‌ಎಕ್ಸ್ ಪ್ರಶ್ನಾವಳಿಯ ಆರು ಮಾಪಕಗಳಲ್ಲಿ ಶ್ರಮ ಒಂದು, ಹತಾಶೆ ಇನ್ನೊಂದು. ಅದರ ಉಪಯುಕ್ತತೆಯ ಬಗ್ಗೆ ತಕರಾರಿಲ್ಲ. ಆದರೆ ಉತ್ತರ ಬರುವುದು ಆಟ ಮುಗಿದ ಮೇಲೆ, ಗೆಲುವು ಸೋಲುಗಳ ಬಣ್ಣ ಹತ್ತಿದ ಮೇಲೆ.

ಆದ್ದರಿಂದ ಒಂದು ಹಂತದಲ್ಲಿ ಪಡೆದ ಒಂದೇ ಮಾಪನವನ್ನು ಶ್ರಮದ ಅಳತೆಯೆಂದು ಒಪ್ಪಬಾರದು. ವೇಗವನ್ನು ಒಂದು ಮೆಟ್ಟಿಲು ಏರಿಸಿದಾಗ ದೇಹದ ಸೂಚಕಗಳೂ ಅಂಕವೂ ಒಟ್ಟಿಗೆ ಹೇಗೆ ಬದಲಾಗುತ್ತವೆ ಎಂಬುದನ್ನು ನೋಡಬೇಕು ಎಂಬುದು ನನ್ನ ವಾದ. ವೇಗ ಏರಿದೊಡನೆ ಪಾಪೆ ಹಿಗ್ಗಿ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯಲ್ಲಿ ಹಣೆಯ ನಡುಭಾಗದ ಥೀಟಾ ಅಲೆಗಳು ಬಲಗೊಂಡು, ಅಂಕವೂ ಉಳಿದರೆ ಆ ಆಟಗಾರನಲ್ಲಿ ಇನ್ನೂ ಶಕ್ತಿ ಮಿಕ್ಕಿತ್ತು. ಅಂಕ ಕುಸಿದರೂ ಸೂಚಕಗಳು ಕದಲದಿದ್ದರೆ ಅವನು ಆಗಲೇ ಕೈಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಈ ಪರೀಕ್ಷೆಗೆ ಟೆಟ್ರಿಸ್ ಹೇಳಿ ಮಾಡಿಸಿದಂತಿದೆ: ನಿಯಮ, ಬಿಲ್ಲೆಗಳ ಆಕಾರ ಯಾವುದನ್ನೂ ಮುಟ್ಟದೆ ಬೀಳುವ ವೇಗವೊಂದನ್ನೇ ಬದಲಿಸಬಹುದು. ಬಿಲ್ಲೆಗಳಿಗೂ ಹಿನ್ನೆಲೆಗೂ ಸಮಾನ ಹೊಳಪಿನ ಬೇರೆ ಬೇರೆ ಬಣ್ಣ ಕೊಟ್ಟರೆ, ಪಾಪೆಯ ಮೇಲೆ ಬೆಳಕು ತರುವ ಏರುಪೇರೂ ಬಹುಮಟ್ಟಿಗೆ ತಗ್ಗುತ್ತದೆ.