ಬಸ್ತಿಹಳ್ಳಿ: ಒಂದು ಊರ ಹೆಸರು ಉಳಿಸಿದ್ದೂ ಮರೆಸಿದ್ದೂ

ಹಳೇಬೀಡಿಗೆ ಬರುವ ಯಾತ್ರಿಕರಲ್ಲಿ ಬಹುಪಾಲು ಮಂದಿ ಹೊಯ್ಸಳೇಶ್ವರ ದೇವಾಲಯದ ಭಿತ್ತಿಶಿಲ್ಪಗಳನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ, ಕೇದಾರೇಶ್ವರ ದೇವಾಲಯದ ದಾರಿಯಲ್ಲಿ, ಕೂಗಳತೆಯ ದೂರಕ್ಕಿಂತ ತುಸು ಹೆಚ್ಚು ನಡೆದರೆ ಬಸ್ತಿಹಳ್ಳಿ ಸಿಗುತ್ತದೆ. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ತೀರ್ಥಂಕರರ ಮೂರು ಬಸದಿಗಳು ಒಂದೇ ಆವರಣದಲ್ಲಿ ನಿಂತಿವೆ. 2023ರಲ್ಲಿ ಹೊಯ್ಸಳರ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಹಳೇಬೀಡಿನಿಂದ ಆಯ್ಕೆಯಾದದ್ದು ಹೊಯ್ಸಳೇಶ್ವರ ಮಾತ್ರ. ಬಸ್ತಿಹಳ್ಳಿ ಆ ಕೀರ್ತಿಯ ನೆರಳಿನಲ್ಲೇ ಉಳಿಯಿತು.

ಈ ಊರಿನ ಹೆಸರನ್ನು ಬಿಡಿಸಲು ಹೆಚ್ಚಿನ ಪಾಂಡಿತ್ಯ ಬೇಕಾಗಿಲ್ಲ. ಸಂಸ್ಕೃತದ ‘ವಸತಿ’ ಎಂಬುದು ಕನ್ನಡದಲ್ಲಿ ವಕಾರಕ್ಕೆ ಬಕಾರ, ತಕಾರಕ್ಕೆ ದಕಾರ ಬಂದು ‘ಬಸದಿ’ಯಾಯಿತು. ಆಡುಮಾತಿನಲ್ಲಿ ನಡುವಣ ಸ್ವರ ಲೋಪವಾಗಿ ‘ಬಸ್ತಿ’ ಎಂಬ ರೂಪವೂ ಬಳಕೆಗೆ ಬಂದಿತು. ಶ್ರವಣಬೆಳಗೊಳದ ಚಾವುಂಡರಾಯ ಬಸ್ತಿ, ಭಂಡಾರಿ ಬಸ್ತಿ, ಸವತಿಗಂಧವಾರಣ ಬಸ್ತಿ ಎಂಬ ಹೆಸರುಗಳಲ್ಲಿ ಇರುವುದೂ ಇದೇ ರೂಪ. ಜನವಸತಿ ಎಂಬ ಅರ್ಥದಲ್ಲಿ ಹಿಂದೂಸ್ತಾನಿಯಿಂದ ಬಂದ ‘ಬಸ್ತಿ’ಯ ಮೂಲವೂ ಇದೇ ಧಾತುವಾದ್ದರಿಂದ ಹೊಸಬರಿಗೆ ಗೊಂದಲವಾಗುವುದುಂಟು. ಬಸ್ತಿಹಳ್ಳಿಯ ‘ಬಸ್ತಿ’ ಜನರ ವಾಸಸ್ಥಾನವಲ್ಲ, ಜಿನನ ವಾಸಸ್ಥಾನ.

ನಿರುಕ್ತಿ ಇಲ್ಲಿಗೆ ಮುಗಿಯುತ್ತದೆ, ಪ್ರಶ್ನೆ ಮುಗಿಯುವುದಿಲ್ಲ. ಈ ಹೆಸರಿನ ಉತ್ತರಪದ ‘ಹಳ್ಳಿ’. ಬಸದಿಗಳು ಎದ್ದ ಕಾಲದಲ್ಲಿ ಇದು ಹಳ್ಳಿಯಾಗಿರಲಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರದ ಒಂದು ಭಾಗವಾಗಿತ್ತು. ನಗರದ ಭಾಗವೊಂದು ಹಳ್ಳಿಯಾದುದು ಹೇಗೆ ಎಂಬುದೇ ಈ ಸ್ಥಳನಾಮದ ನಿಜವಾದ ಚರಿತ್ರೆ.

ಆ ಚರಿತ್ರೆಯ ಮೊದಲ ಪುಟ 1133ರದು. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜ ತಲಕಾಡನ್ನು ಚೋಳರಿಂದ ಬಿಡಿಸಿದ ವೀರ; ಗಂಗವಾಡಿಯ ಅನೇಕ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ ಶ್ರಾವಕ. ಅವನು ತೀರಿಕೊಂಡಾಗ ಮಗ ಬೊಪ್ಪ ತಂದೆಯ ನೆನಪಿಗಾಗಿ ರಾಜಧಾನಿಯಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದನು. ಗಂಗರಾಜನಿಗಿದ್ದ ‘ದ್ರೋಹಘರಟ್ಟ’, ಎಂದರೆ ದ್ರೋಹಿಗಳಿಗೆ ಬೀಸುವ ಕಲ್ಲು, ಎಂಬ ಬಿರುದಿನಿಂದ ಅದು ದ್ರೋಹಘರಟ್ಟ ಜಿನಾಲಯವೆನಿಸಿತು. ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳು ಪ್ರತಿಷ್ಠಾಪನೆ ನೆರವೇರಿಸಿದರು.

ಮುಂದಿನ ಪ್ರಸಂಗವನ್ನು ಶಾಸನ ಕಥನದಂತೆ ನಿರೂಪಿಸುತ್ತದೆ. ಪ್ರತಿಷ್ಠೆಯ ಗಂಧೋದಕವನ್ನೂ ಶೇಷೆಯನ್ನೂ ಹೊತ್ತ ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅದೇ ವೇಳೆಗೆ ಅವನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಅರಸ ಎದ್ದು ಕೈಮುಗಿದು ಶೇಷೆಯನ್ನು ಸ್ವೀಕರಿಸಿದನು. ವಿಜಯವೂ ಪುತ್ರೋತ್ಸವವೂ ಈ ದೇವರ ಪ್ರತಿಷ್ಠೆಯ ಫಲವೆಂದು ಭಾವಿಸಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ಅರಸನ ಮತಾಂತರದ ಕಥೆಗಳನ್ನು ಮಾತ್ರ ಕೇಳಿ ಬಲ್ಲವರು ಈ ಶಾಸನವನ್ನು ಓದಬೇಕು. ರಾಜಕುಮಾರನೂ ತೀರ್ಥಂಕರನೂ ಒಂದೇ ವಿಜಯದ ಹೆಸರನ್ನು ಹಂಚಿಕೊಂಡ ರಾಜ್ಯದಲ್ಲಿ ಜೈನಧರ್ಮ ಮೂಲೆಗುಂಪಾಗಿತ್ತೆಂದು ಹೇಳುವುದು ಕಷ್ಟ.

ಮುಂದಿನ ನೂರೈವತ್ತು ವರ್ಷಗಳಲ್ಲಿ ಈ ನೆಲೆ ಬೆಳೆಯಿತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಶಾಂತಿನಾಥ ಬಸದಿ ಎದ್ದಿತು. ಹೊಯ್ಸಳೇಶ್ವರದ ಹೊರಗೋಡೆಯ ಶಿಲ್ಪಸಮೃದ್ಧಿಗೆ ಹೋಲಿಸಿದರೆ ಇಲ್ಲಿಯ ಹೊರಗೋಡೆಗಳು ಬಹುಮಟ್ಟಿಗೆ ನಿರಾಭರಣ. ಒಳಹೊಕ್ಕವರಿಗೆ ಆಳೆತ್ತರವನ್ನು ಮೀರಿ ನಿಂತ ಜಿನಬಿಂಬ ಕಾಣುತ್ತದೆ. ಪಾರ್ಶ್ವನಾಥ ಬಸದಿಯ ನವರಂಗದಲ್ಲಿ, ಕನ್ನಡಿಯಂತೆ ನುಣುಪುಗೊಳಿಸಿದ ಕರಿಗಲ್ಲಿನ ಕಡೆದ ಕಂಬಗಳಲ್ಲಿ ನೋಡುವವನ ಪ್ರತಿಬಿಂಬವೇ ಮೂಡುತ್ತದೆ.

ಮುಮ್ಮಡಿ ನರಸಿಂಹನ ಕಾಲದ ಒಂದು ಪ್ರಸಂಗ ವಿಶೇಷವಾಗಿ ಗಮನಾರ್ಹ. ಹದಿಮೂರನೆಯ ಶತಮಾನದ ನಡುವಿನಲ್ಲಿ ಆ ಅರಸ ವಿಜಯಪಾರ್ಶ್ವನ ಬಸದಿಗೆ ಬಂದು, ಅಲ್ಲಿದ್ದ ಹಳೆಯ ಶಾಸನವನ್ನು ನೋಡಿ, ಅದರಲ್ಲಿ ತನ್ನ ವಂಶಾವಳಿಯನ್ನು ಓದಿಕೊಂಡು ದತ್ತಿಯನ್ನು ನೀಡಿದನೆಂದು ತಿಳಿದುಬರುತ್ತದೆ. ಬಸದಿಯ ಕಲ್ಲು ಅರಸುಮನೆತನದ ನೆನಪಿನ ಕಡತವೂ ಆಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 1274ರಲ್ಲಿ ಬಾಲಚಂದ್ರ ಪಂಡಿತದೇವರು ಸನ್ಯಸನ ವಿಧಿಯಿಂದ ಮುಡಿಪಿದಾಗ ದೋರಸಮುದ್ರದ ಭವ್ಯಜನರು ತಮ್ಮ ಗುರುವಿನ ಪ್ರತಿಮೆಯನ್ನೂ ಪಂಚಪರಮೇಷ್ಠಿಗಳ ಪ್ರತಿಮೆಗಳನ್ನೂ ಮಾಡಿಸಿದರು. ಅರಸು, ದಂಡನಾಯಕ, ವರ್ತಕ, ಮುನಿ, ಶ್ರಾವಕ ಎಲ್ಲರೂ ಇದ್ದ ಜೀವಂತ ಸಮಾಜವೊಂದು ಈ ಶಾಸನಗಳ ಹಿಂದೆ ಇದೆ.

ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಮಲಿಕ್ ಕಾಫರನ ದಂಡು, ಮುಂದೆ ತುಘಲಕರ ದಂಡು ದೋರಸಮುದ್ರವನ್ನು ಕೊಳ್ಳೆಹೊಡೆದವು. ರಾಜಧಾನಿ ಅಳಿಯಿತು. ಅರಸನ ಬೀಡು ‘ಹಳೆಯ ಬೀಡು’ ಆಯಿತು. ಅರಮನೆ ಇಲ್ಲವಾದ ಮೇಲೆ ವರ್ತಕರಿಗೆ ಅಲ್ಲಿ ಕೆಲಸವಿಲ್ಲ. ವರ್ತಕರು ಚದುರಿದ ಮೇಲೆ ಬಸದಿಗಳಿಗೆ ಆಸರೆ ಕಡಮೆ. ಕೇರಿಗಳು ಹೊಲಗಳಾದವು. ಅವುಗಳ ನಡುವೆ ಎದ್ದು ಕಾಣುತ್ತಿದ್ದುದು ಬಸದಿಗಳು. ಮಗ್ಗುಲಲ್ಲಿ ನೆಲೆಸಿದ ಬೇಸಾಯಗಾರರು ಕಣ್ಣಿಗೆ ಕಂಡದ್ದನ್ನೇ ಊರಿನ ಗುರುತು ಮಾಡಿಕೊಂಡರೆಂದು ಭಾವಿಸುವುದು ಯುಕ್ತ. ಬಸದಿಗಳು ಹಲವಿದ್ದ ನಗರದಲ್ಲಿ ‘ಬಸದಿ’ ಎಂಬುದು ಯಾವ ಕೇರಿಗೂ ಗುರುತಾಗಲಾರದು. ಉಳಿದುವೆಲ್ಲ ಅಳಿದ ಮೇಲೆ ಮಾತ್ರ ಅದು ಗುರುತಾಗುತ್ತದೆ.

ಆದರೂ ಆರಾಧನೆ ಒಮ್ಮೆಗೇ ನಿಲ್ಲಲಿಲ್ಲ. 1638ರ ಶಾಸನ ಇದಕ್ಕೆ ಸಾಕ್ಷಿ. ಹುಚ್ಚಪ್ಪದೇವರೆಂಬವರು ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಹಾಕಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವ್ಯಾಜ್ಯ ಕತ್ತಿಯ ಮೊನೆಗೆ ಹೋಗಲಿಲ್ಲ. ಬೇಲೂರು ನಾಡಿನಲ್ಲಿ ಎರಡೂ ಕಡೆಯ ಹಿರಿಯರು ಕೂಡಿ ತೀರ್ಮಾನಿಸಿದರು: ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ಪೂರ್ವಮರ್ಯಾದೆಯಂತೆ ವಿಜಯಪಾರ್ಶ್ವನ ಪೂಜೆ ಪುನಸ್ಕಾರಗಳನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದು. ಈ ಜಿನಧರ್ಮಕ್ಕೆ ಅಡ್ಡಿಪಡಿಸಿದವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ಹೊರಗಾದವನು ಎಂಬ ಶಾಪವನ್ನು ವೀರಶೈವ ಮಹಾಮಹತ್ತೇ ಬರೆಯಿಸಿತು. ವಿಭೂತಿ ವೀಳ್ಯಗಳ ಕಟ್ಟಳೆಯಲ್ಲಿ ಅಂದಿನ ಬಲಾಬಲದ ಸುಳಿವಿದೆ. ಜೈನರು ಬೇಡುವ ಸ್ಥಿತಿಯಲ್ಲಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಒಂದು ಮತದ ಪೂಜೆಯ ರಕ್ಷಣೆಗೆ ಇನ್ನೊಂದು ಮತ ತನ್ನದೇ ಪವಿತ್ರ ಚಿಹ್ನೆಗಳನ್ನು ಒತ್ತೆಯಿಟ್ಟ ಉದಾಹರಣೆಯಾಗಿಯೂ ಅದನ್ನು ಓದಬೇಕು. ಎರಡರಲ್ಲಿ ಒಂದನ್ನೇ ಓದಿದರೆ ಶಾಸನಕ್ಕೆ ಅನ್ಯಾಯವಾಗುತ್ತದೆ.

ಬಸ್ತಿಹಳ್ಳಿ ಎಂಬ ಹೆಸರು ಹೀಗೆ ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡಿದೆ. ಜೈನ ಗೃಹಸ್ಥರು ಚದುರಿದ ಮೇಲೂ ಇಲ್ಲಿ ಬಸದಿಯಿತ್ತೆಂಬ ನೆನಪನ್ನು ಬೇಸಾಯಗಾರರ ನಾಲಗೆಯ ಮೇಲೆ ಉಳಿಸಿತು. ಅದೇ ವೇಳೆಗೆ ದ್ರೋಹಘರಟ್ಟ ಜಿನಾಲಯ, ವಿಜಯಪಾರ್ಶ್ವ ಎಂಬ ವಿಶೇಷನಾಮಗಳನ್ನು ‘ಬಸ್ತಿ’ ಎಂಬ ಸಾಮಾನ್ಯನಾಮದಲ್ಲಿ ಕರಗಿಸಿತು. ತಂದೆಯನ್ನು ಕಳೆದುಕೊಂಡ ಮಗನೊಬ್ಬ ಇಟ್ಟ ಹೆಸರು, ಗೆದ್ದ ಅರಸನೊಬ್ಬ ಕೊಟ್ಟ ಹೆಸರು ಎರಡೂ ಇಂದು ಕಲ್ಲಿನಲ್ಲಿ ಮಾತ್ರ ಇವೆ. ಸ್ಥಳನಾಮಗಳನ್ನು ಅಧ್ಯಯನ ಮಾಡುವವರು ನಿರುಕ್ತಿ ದೊರೆತೊಡನೆ ತೃಪ್ತರಾಗಬಾರದೆಂಬುದಕ್ಕೆ ಈ ಊರೇ ಪಾಠ. ಹೆಸರು ದಾರಿ ತೋರಿಸುತ್ತದೆ. ಒಳಗಿರುವುದನ್ನು ಹೇಳಲು ಶಾಸನವೇ ಬೇಕು. ಏಳು ಶತಮಾನಗಳಿಗೂ ಹಿಂದೆ ಮುಮ್ಮಡಿ ನರಸಿಂಹ ಮಾಡಿದ್ದೂ ಅದನ್ನೇ: ಬಸದಿಗೆ ಬಂದವನು ಕೈಮುಗಿದು ಹೊರಟುಹೋಗಲಿಲ್ಲ, ಕಲ್ಲಿನ ಮುಂದೆ ನಿಂತು ಓದಿದನು.